ಓರೆ ನೂಲಿನ ವರ್ಲಿನ್

ರೇಡಿಯಲ್ ಟೈರು ಕಂಡರೆ ಆಗದವರು ಅಮೆರಿಕದ ಟೈರು ಕಾರ್ಖಾನೆಗಳ ಊರು ಆಕ್ರನ್ನಿನಲ್ಲಿ ಒಂದು ಕಾಲಕ್ಕೆ ಬೀದಿಗೆ ಹತ್ತು ಜನ ಸಿಗುತ್ತಿದ್ದರು. ಆದರೆ ಆ ಟೈರು ಹಾಕಿದೆ ಎಂಬ ಒಂದೇ ಕಾರಣಕ್ಕೆ ಹೆತ್ತ ಮಗಳ ಕಾರನ್ನು ಅಂಗಳಕ್ಕೆ ಬಿಡದೆ ಬೀದಿಯಲ್ಲೇ ನಿಲ್ಲಿಸಿದವನು ವರ್ಲಿನ್ ಕಟ್ಲಿಪ್ ಒಬ್ಬನೇ. ಮಗಳು ಡಾರ್ಲಾ ಹಿಮದಲ್ಲಿ ಕಾಲೆಳೆದುಕೊಂಡು ಬಂದು ಬಾಗಿಲಲ್ಲಿ ನಿಂತು, “ನಾನಾದ್ರೂ ಒಳಗೆ ಬರಬಹುದಾ ಅಪ್ಪ, ಇಲ್ಲ ಬೂಟನ್ನೂ ತಿರುಗಿಸಿ ನೋಡ್ತೀಯಾ?” ಎಂದು ಕೇಳುತ್ತಿದ್ದಳು. ವರ್ಲಿನ್ ಪತ್ರಿಕೆಯಿಂದ ತಲೆ ಎತ್ತುತ್ತಿರಲಿಲ್ಲ. ಅವನ ಹೆಂಡತಿ ಒಲೀಟಾ ಮಾತ್ರ ಒಳಗಿನಿಂದ, “ಬಾರೆ ತಾಯಿ, ಆ ಮುದುಕನಿಗೆ ನೂಲು ಸುತ್ತಿ ಸುತ್ತಿ ಬುದ್ಧಿಯೂ ಓರೆಯಾಗಿದೆ” ಎನ್ನುತ್ತಿದ್ದಳು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ವರ್ಲಿನ್ ಇಪ್ಪತ್ತೆಂಟು ವರ್ಷ ಮಾಡಿದ್ದು ಅದೇ ಕೆಲಸ. ಗುಡ್ಡಗಾಡಿನ ಪಶ್ಚಿಮ ವರ್ಜೀನಿಯಾದ ಬ್ರ್ಯಾಕ್ಸ್‌ಟನ್ ಕೌಂಟಿಯ ಒಂದು ಕಣಿವೆಯಲ್ಲಿ ಹುಟ್ಟಿದವನು. ಅಲ್ಲಿನ ಹುಡುಗರಿಗೆ ಶಾಲೆಯಲ್ಲಿ ಕಲಿಸುವುದು ಮೂರೇ ಪಾಠ, ಓದು, ಬರಹ, ಆಕ್ರನ್ನಿನ ದಾರಿ ಎಂದು ಜನ ನಗೆಯಾಡುತ್ತಿದ್ದರು. ಮೊದಲೆರಡು ಅರ್ಧಂಬರ್ಧ ಕಲಿತು, ಮೂರನೆಯದನ್ನು ಚೆನ್ನಾಗಿ ಕಲಿತು, ಇಪ್ಪತ್ತನೇ ವಯಸ್ಸಿಗೆ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಬಂದಿಳಿದ. ಸಾವಿರದ ಒಂಬೈನೂರ ಐವತ್ತನೇ ಇಸವಿ. ಊರಿಗೆ ಊರೇ ಬೆಂದ ರಬ್ಬರಿನ ವಾಸನೆ. ಮೊದಲ ದಿನ ಮೂಗು ಮುಚ್ಚಿಕೊಂಡವನಿಗೆ ಬಾಡಿಗೆ ಮನೆಯ ಯಜಮಾನಿತಿ, ಅದು ಸಂಬಳದ ವಾಸನೆ, ಅಭ್ಯಾಸವಾಗುತ್ತದೆ ಎಂದಳಂತೆ. ಅಭ್ಯಾಸವಾಯಿತು. ಕೊನೆಗೆ ಊರಿಗೆ ಹೋದಾಗ ಕಾಡಿನ ಗಾಳಿಯೇ ಸಪ್ಪೆ ಅನ್ನಿಸುವಷ್ಟು.

ಟೈರು ಕಟ್ಟುವುದು ಎಂದರೆ ಆಗ ಕೈಗೆಲಸ. ಮುಂದೆ ಒಂದು ಕಬ್ಬಿಣದ ಉರುಳೆ, ಕಾಲಡಿಯಲ್ಲಿ ಅದನ್ನು ತಿರುಗಿಸುವ ತುಳಿಗೆ. ರಬ್ಬರು ಮೆತ್ತಿದ ಬಟ್ಟೆಯ ಪದರ, ಅದರೊಳಗಿನ ನೂಲು ಓರೆಯಾಗಿರುತ್ತದೆ. ಮೊದಲ ಪದರ ಹೀಗೆ ಓರೆ, ಎರಡನೆಯದು ಅದಕ್ಕೆ ಎದುರು ಓರೆ, ಚಾಪೆ ಹೆಣೆದ ಹಾಗೆ ಒಂದರ ಮೇಲೊಂದು. ಅಕ್ಕಪಕ್ಕ ತಂತಿಯ ಬಳೆ ಕೂರಿಸಿ, ಅಂಚು ಮಡಚಿ, ಮೇಲೆ ದಪ್ಪ ರಬ್ಬರಿನ ಪಟ್ಟಿ ಸುತ್ತಿ, ಗಾಳಿಯ ಗುಳ್ಳೆ ಉಳಿಯದಂತೆ ಸಣ್ಣ ಉರುಳುಗಾಲಿಯಿಂದ ಒತ್ತಬೇಕು. ಉರುಳೆಯಿಂದ ಬಿಡಿಸಿದಾಗ ಅದು ಟೈರಿನ ಹಾಗೆ ಕಾಣುವುದಿಲ್ಲ, ತಳವಿಲ್ಲದ ಪೀಪಾಯಿಯ ಹಾಗೆ ಕಾಣುತ್ತದೆ. ಆಮೇಲೆ ಅಚ್ಚಿನಲ್ಲಿ ಬೇಯಿಸುತ್ತಾರೆ. ಬೇಯಲು ಹೋಗುವ ಮೊದಲು ಕಟ್ಟಿದವನು ತನ್ನ ಅಂಕಿಯ ಚೀಟಿಯನ್ನು ಒಳಗೆ ಒತ್ತಿ ಕಳಿಸಬೇಕು. ವರ್ಲಿನ್‌ನ ಅಂಕಿ ನಾನ್ನೂರ ಹದಿನೆಂಟು. ಅವನ ಟೈರು ತಿರಸ್ಕಾರವಾಗಿ ಹಿಂದಕ್ಕೆ ಬಂದದ್ದು ಬಹಳ ಕಡಿಮೆ.

ಅವನ ಎಡಗಡೆಯ ಯಂತ್ರದಲ್ಲಿ ಇದ್ದವನು ಗೇಜಾ ಬಾಲೋಗ್. ಆಕ್ರನ್ನಿನ ಹಂಗೇರಿಯವರ ಬೀದಿಯಲ್ಲಿ ಹುಟ್ಟಿದವನು, ಮಾತಿನ ಮಲ್ಲ. ಯಂತ್ರದ ಗದ್ದಲದಲ್ಲೂ ಅವನ ದನಿ ಕೇಳಿಸುತ್ತಿತ್ತು. ವರ್ಲಿನ್‌ನನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ, ‘ಗುಡ್ಡದೋನೆ’ ಎಂದೇ ಕರೆಯುತ್ತಿದ್ದ. ಇಬ್ಬರೂ ಊಟದ ಡಬ್ಬಿ ಬದಲಾಯಿಸಿಕೊಳ್ಳುತ್ತಿದ್ದರು. ಒಲೀಟಾ ಕಟ್ಟಿಕೊಟ್ಟ ಜೋಳದ ರೊಟ್ಟಿ, ಬೇಯಿಸಿದ ಕಾಳು ಗೇಜಾನಿಗೆ. ಅವನ ತಾಯಿಯ ಎಲೆಕೋಸಿನ ಸುರುಳಿ ಇವನಿಗೆ. ಹದಿನೇಳು ವರ್ಷ ಹಾಗೆಯೇ ನಡೆಯಿತು.

ಐವತ್ತಾರರಲ್ಲಿ ವರ್ಲಿನ್ ಒಂದು ಕಾರು ಕೊಂಡ. ಎರಡು ವರ್ಷ ಓಡಿದ ಪಾಂಟಿಯಾಕ್, ತಿಳಿಹಸಿರು ಮೈ, ಕೆನೆಬಣ್ಣದ ಮಾಡು, ಅಗಲ ಬಿಳಿ ಪಟ್ಟಿಯ ಟೈರು. ಆ ಕಾಲದಲ್ಲಿ ಶುಕ್ರವಾರ ಪಾಳಿ ಮುಗಿಯಿತೆಂದರೆ ಗುಡ್ಡದವರೆಲ್ಲ ಊರ ಕಡೆ ಹೊರಡುತ್ತಿದ್ದರು. ಇಪ್ಪತ್ತೊಂದನೇ ಹೆದ್ದಾರಿಯ ತುಂಬ ಅವರದೇ ಕಾರುಗಳು. ಬಯಾಸ್, ಎಂದರೆ ಹೀಗೆ ಓರೆ ನೂಲಿನಲ್ಲಿ ಕಟ್ಟಿದ ಟೈರಿನ ಗಾಡಿ ನೇರ ದಾರಿಯಲ್ಲೂ ಸುಮ್ಮನೆ ಹೋಗುವುದಿಲ್ಲ. ರಸ್ತೆಯಲ್ಲಿ ಒಂದು ಗೀರು ಕಂಡರೆ ಸಾಕು, ಮೂಸುತ್ತ ಹೋಗುವ ನಾಯಿಯ ಹಾಗೆ ಅದರ ಹಿಂದೆ ಹೊರಡುತ್ತದೆ. ಚಾಲಕ ಅದನ್ನು ಎಳೆದು ಎಳೆದು ದಾರಿಗೆ ತರುತ್ತಿರಬೇಕು. ರಾತ್ರಿಯೆಲ್ಲ ನಿಂತಿದ್ದ ಗಾಡಿಯನ್ನು ಬೆಳಿಗ್ಗೆ ಹೊರಡಿಸಿದರೆ ಮೊದಲ ಎರಡು ಮೈಲಿ ಧಬ್ ಧಬ್ ಎನ್ನುತ್ತದೆ, ನೆಲಕ್ಕೊತ್ತಿದ ಭಾಗ ಚಪ್ಪಟೆಯಾಗಿರುತ್ತದಲ್ಲ. ಟೈರು ಬಿಸಿಯಾದ ಮೇಲೆ ಸದ್ದು ಒಂದೇ ರಾಗಕ್ಕೆ ಬರುತ್ತದೆ. ಒಲೀಟಾ ಪಕ್ಕದಲ್ಲಿ ಕುಳಿತು ಅವನಿಗೆ ನಿದ್ದೆ ಹತ್ತದಂತೆ ಆ ರಾಗಕ್ಕೇ ಹಾಡುತ್ತಿದ್ದಳು. ಹಾಡು ಮುಗಿದರೆ ಇಡೀ ಕಣಿವೆಯವರ ಸುದ್ದಿ. ಮದುವೆಯಾದ ಮೇಲೆ ತಾವಿಬ್ಬರೂ ಕೂತು ಮಾತಾಡಿದ್ದೆಲ್ಲ ಆ ಕಾರಿನಲ್ಲೇ ಎಂದು ವರ್ಲಿನ್‌ಗೆ ಅನ್ನಿಸುತ್ತಿತ್ತು.

ಎಪ್ಪತ್ತಮೂರರಲ್ಲಿ ಫೋರ್‌ಮನ್ ಬಂದು, ಕಂಪನಿ ರೇಡಿಯಲ್ ಕಟ್ಟಲು ಶುರು ಮಾಡುತ್ತಿದೆ, ಕಲಿಯಲು ಮನಸ್ಸಿದ್ದವರು ಹೆಸರು ಕೊಡಿ ಎಂದ. ಅದರಲ್ಲಿ ನೂಲು ಓರೆಯಲ್ಲ, ಈ ಬಳೆಯಿಂದ ಆ ಬಳೆಗೆ ನೇರ. ಅದರ ಮೇಲೆ ಉಕ್ಕಿನ ಪಟ್ಟಿ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಟೈರು ಕಸಕ್ಕೆ. ಹೆಸರು ಕೊಟ್ಟ ಆರು ಜನರಲ್ಲಿ ಗೇಜಾ ಒಬ್ಬ. ವರ್ಲಿನ್ ಕೊಡಲಿಲ್ಲ. ಎರಡು ಪಟ್ಟು ಬಾಳುವ ಟೈರು ಕಟ್ಟಿದರೆ ಜನ ಅರ್ಧದಷ್ಟೇ ಕೊಳ್ಳುತ್ತಾರೆ, ಆಮೇಲೆ ನಮ್ಮ ಅನ್ನಕ್ಕೆ ಏನು ಗತಿ ಎಂದು ಅವನು ಯೂನಿಯನ್ ಹಾಲ್‌ನಲ್ಲಿ ಎಲ್ಲರೆದುರು ಕೇಳಿದ. ಗೇಜಾನನ್ನು ನೋಡಿ, ನೀನು ಕಟ್ಟುತ್ತಿರುವುದು ಟೈರಲ್ಲ, ನಮ್ಮ ಶವಪೆಟ್ಟಿಗೆ ಎಂದ. ಗೇಜಾ ಮೊದಲ ಬಾರಿಗೆ ಮಾತಿಗೆ ಮಾತು ಕೊಡಲಿಲ್ಲ. ಎರಡು ವರ್ಷದಲ್ಲಿ ಆ ವಿಭಾಗವನ್ನೇ ದಕ್ಷಿಣದ ಹೊಸ ಕಾರ್ಖಾನೆಗೆ ಒಯ್ದರು. ಗೇಜಾ ಅದರ ಹಿಂದೆಯೇ ಸಂಸಾರ ಕಟ್ಟಿಕೊಂಡು ಹೋದ. ವಿದಾಯ ಹೇಳಲು ಬಂದವನಿಗೆ ವರ್ಲಿನ್ ಬಾಗಿಲು ತೆರೆಯಲಿಲ್ಲ.

ಎಪ್ಪತ್ತೆಂಟರಲ್ಲಿ ಆಕ್ರನ್ನಿನ ಕಾರ್ಖಾನೆಯಲ್ಲಿ ಕಾರಿನ ಬಯಾಸ್ ಟೈರು ನಿಂತಿತು. ಕೊನೆಯ ವಾರ ವರ್ಲಿನ್ ತಾನು ಕಟ್ಟಿದ ನಾಲ್ಕು ಟೈರುಗಳನ್ನು ಗುರುತಿಟ್ಟುಕೊಂಡು ಅವನ್ನೇ ಕೊಂಡ. ಪಾಂಟಿಯಾಕಿಗೆ ಹಾಕಿಸಿದ. ಆಮೇಲೆ ಹದಿನಾಲ್ಕು ವರ್ಷ ಒಂದು ಹೈಸ್ಕೂಲಿನಲ್ಲಿ ನೆಲ ಒರೆಸಿ, ಬಾಯ್ಲರ್ ನೋಡಿಕೊಂಡು ನಿವೃತ್ತನಾದ. ಕಾರನ್ನು ಭಾನುವಾರ ಚರ್ಚಿಗೆ, ಆಮೇಲಾಮೇಲೆ ಬರೀ ಬೀದಿಯ ತುದಿಯವರೆಗೆ ಓಡಿಸಿ ತಂದು, ಒರೆಸಿ ಹೊದಿಸಿ ಇಡುತ್ತಿದ್ದ.

ತೊಂಬತ್ತೇಳರ ವಸಂತದಲ್ಲಿ ಬ್ರ್ಯಾಕ್ಸ್‌ಟನ್‌ನಿಂದ ಫೋನು ಬಂತು. ಒಲೀಟಾಳ ಅಕ್ಕ ವಿಲ್ಡಾ, ಎಂಬತ್ತೆರಡು ವರ್ಷ. ಮೇ ತಿಂಗಳ ಕೊನೆಯ ಭಾನುವಾರ ಹಿರಿಯರ ಸಮಾಧಿಗಳಿಗೆ ಹೂವಿಡಲು ಎಲ್ಲರೂ ಸೇರುವ ವಾಡಿಕೆ. ಈ ಸಲ ಆ ಪಾಂಟಿಯಾಕಿನಲ್ಲೇ ಬನ್ನಿ, ನಾನು ಅದರಲ್ಲಿ ಕೂತೇ ಗುಡ್ಡ ಹತ್ತಬೇಕು, ಮುಂದಿನ ವರ್ಷದ ಮಾತು ಯಾರಿಗೆ ಗೊತ್ತು ಎಂದಳಂತೆ.

ಒಲೀಟಾ ಗ್ಯಾರೇಜಿಗೆ ಹೋಗಿ ಹೊದಿಕೆ ಎತ್ತಿ ಟೈರು ನೋಡಿದಳು. ಪಕ್ಕಗಳಲ್ಲೆಲ್ಲ ಒಣಗಿದ ಕೆರೆಯ ತಳದ ಹಾಗೆ ಬಿರುಕು. ಬೆರಳಿಟ್ಟರೆ ಉಗುರು ಒಳಗೆ ಹೋಗುತ್ತಿತ್ತು.

“ಹತ್ತೊಂಬತ್ತು ವರ್ಷ ಆಯ್ತು ವರ್ಲಿನ್. ಇದರ ಮೇಲೆ ಇನ್ನೂರು ಮೈಲಿ ಹೋಗಕ್ಕಾಗತ್ತಾ?”

“ನಾನು ಕಟ್ಟಿದ್ದು ಅದು.”

“ಕಟ್ಟಿದ್ದು ನೀನೇ. ಅದಕ್ಕೆ ವಯಸ್ಸಾಗಲ್ವಾ? ನನ್ನನ್ನೂ ಕಟ್ಕೊಂಡಿದ್ದು ನೀನೇ, ನನ್ನ ಸೊಂಟ ನೋಡು.”

ವರ್ಲಿನ್ ಹೊದಿಕೆ ಎಳೆದು ಟೈರು ಮುಚ್ಚಿದ. ಮೂರನೆಯ ದಿನ ಒಲೀಟಾ, ಪಕ್ಕದೂರು ಬಾರ್ಬರ್ಟನ್ನಿನಲ್ಲಿ ಹಳೆಯ ಕಾರುಗಳ ಟೈರು ಮಾರುವ ಅಂಗಡಿ ಒಂದಿದೆಯಂತೆ, ಸುಮ್ಮನೆ ನೋಡಿಕೊಂಡು ಬರೋಣ ಎಂದಳು. ಮೆಲ್ಲಗೆ ಓಡಿಸಿಕೊಂಡು ಹೋದರು. ಅಂಗಡಿಯ ಹಲಗೆಯ ಮೇಲಿದ್ದದ್ದು ಯಾರದೋ ಹೆಸರು. ಕೌಂಟರಿನ ಹಿಂದಿದ್ದ ಹೆಂಗಸು ಇವರನ್ನು ನೋಡಿದ್ದೇ ಒಳಕ್ಕೆ ತಿರುಗಿ ಅಪ್ಪನನ್ನು ಕರೆದಳು. ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದವನು ಗೇಜಾ ಬಾಲೋಗ್. ಕೂದಲು ಪೂರ್ತಿ ಹೋಗಿತ್ತು. ಹೆಂಡತಿ ತೀರಿಕೊಂಡ ಮೇಲೆ ವರ್ಷದ ಹಿಂದೆ ಮಗಳು ಇಲೋನಾಳ ಮನೆಗೆ ಬಂದು, ಅಳಿಯನ ಅಂಗಡಿಯಲ್ಲಿ ಕೈಯಾಡಿಸುತ್ತಿದ್ದ. ಒಲೀಟಾ ಕಿಟಕಿಯಲ್ಲಿದ್ದ ಬೆಲೆಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದತೊಡಗಿದಳು. ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತೆಂದು ವರ್ಲಿನ್‌ಗೆ ಆಗ ತಿಳಿಯಿತು.

“ಬಾಗಿಲು ತೆರೆದೇ ಇದೆ ಗುಡ್ಡದೋನೆ,” ಎಂದ ಗೇಜಾ. “ನಮ್ಮಲ್ಲಿ ಎಲ್ಲ ಥರದ ಟೈರನ್ನೂ ಒಳಗೆ ಬರಕ್ಕೆ ಬಿಡ್ತೀವಿ.”

ವರ್ಲಿನ್ ತಿರುಗಿ ಹೊರಟೇಬಿಡುತ್ತಿದ್ದ. ಆದರೆ ಕಾರಿನ ಬೀಗದ ಕೈ ಒಲೀಟಾಳ ಚೀಲದಲ್ಲಿತ್ತು.

ಗೇಜಾ ಮತ್ತೆ ಕೆಣಕಲಿಲ್ಲ. ಕಾರನ್ನು ಮೇಲೆತ್ತಿ ಒಂದು ಗಾಲಿ ಕಳಚಿ, ಟೈರನ್ನು ಅದರ ಲೋಹದ ಚಕ್ರದಿಂದ ಬಿಡಿಸಿದ. ಬೆಳಕಿಗೆ ಹಿಡಿದು ಒಳಗೆ ನೋಡಿದ. ಅಲ್ಲಿ ಹೆಬ್ಬೆರಳಿನಷ್ಟು ಜಾಗದಲ್ಲಿ ನಾನ್ನೂರ ಹದಿನೆಂಟು ಇನ್ನೂ ಕಾಣುತ್ತಿತ್ತು. ಅವನು ಪದರಗಳು ಸೇರಿದ ಜಾಗದಲ್ಲಿ ಬೆರಳಾಡಿಸುತ್ತ ಟೈರನ್ನು ಒಂದು ಸುತ್ತು ತಿರುಗಿಸಿದ.

“ಜೋಡಣೆ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ ಕಣೋ,” ಎಂದ. “ನಂಗೆ ಯಾವತ್ತೂ ಹೀಗೆ ಬರಲಿಲ್ಲ.”

ಆಮೇಲೆ ಕೆಲಸದ ಮಾತಿಗೆ ಬಂದ. ಅಂಗಡಿಯಲ್ಲಿ ಎರಡು ಬಗೆ ಇತ್ತು. ಹಳೆಯ ಅಚ್ಚಿನಲ್ಲೇ ಹೊಸದಾಗಿ ಬೇಯಿಸಿದ ಬಯಾಸ್, ನೋಡಲು ಐವತ್ತನಾಲ್ಕರಲ್ಲಿ ಷೋರೂಮಿನಿಂದ ಇಳಿದ ಹಾಗೆಯೇ. ಇನ್ನೊಂದು ಒಳಗೆ ರೇಡಿಯಲ್, ಹೊರಗೆ ಅದೇ ಅಗಲ ಬಿಳಿ ಪಟ್ಟಿ. ರೇಡಿಯಲ್ ಹಾಕಿದರೆ ಪಕ್ಕ ಕೊಂಚ ಉಬ್ಬಿರುತ್ತದೆ, ಕಣ್ಣು ಬಲ್ಲವರಿಗೆ ಗೊತ್ತಾಗುತ್ತದೆ. ನಿಂತ ಗಾಡಿಯ ಸ್ಟೀರಿಂಗ್ ತಿರುಗಿಸಲು ತೋಳಿಗೆ ಭಾರ. ಗಾಲಿಯ ಲೋಹ ಹಳೆಯದು, ಅದು ಬಳುಕಿದರೆ ಮುಚ್ಚಳ ಹಾರಿಹೋಗಬಹುದು. ಎರಡೂ ಬಗೆಯನ್ನು ಬೆರೆಸುವಂತಂತೂ ಇಲ್ಲ, ಹಾಕಿದರೆ ನಾಲ್ಕೂ ಒಂದೇ. ಕಾರು ಹುಟ್ಟಿದ್ದು ಬಯಾಸಿನ ಮೇಲೆ, ಮೇಳಗಳಲ್ಲಿ ನಿಲ್ಲಿಸುವುದಾದರೆ ಅದೇ ಸರಿ ಎಂದ ಗೇಜಾ. ಎಲ್ಲಿಗೆ ಹೋಗುತ್ತೀರಿ, ಪಕ್ಕದಲ್ಲಿ ಯಾರು ಕೂರುತ್ತಾರೆ, ಅದನ್ನು ಹೇಳಿ ಎಂದು ಕೇಳಿದ. ಒಲೀಟಾ ಹೇಳಿದಳು.

ಗೇಜಾ ಎರಡನ್ನೂ ಹಾಕಿಕೊಟ್ಟ. ಒಂದೇ ಕಾರು, ಒಂದೇ ದಾರಿ, ಎರಡು ಸಲ. ಇಟ್ಟಿಗೆ ಹಾಸಿದ ಬೀದಿ, ಅಲ್ಲಿಂದ ಕಾಲುವೆಯ ಪಕ್ಕದ ರಸ್ತೆ, ಅಲ್ಲಿಂದ ಹೆದ್ದಾರಿಯಲ್ಲಿ ನಾಲ್ಕು ಮೈಲಿ. ಮೊದಲು ಬಯಾಸ್. ಹೊರಟ ಕ್ಷಣದಿಂದ ವರ್ಲಿನ್‌ನ ಕೈಗೆ ಎಲ್ಲ ನೆನಪಾಯಿತು. ಗಾಡಿ ಎಡಕ್ಕೆ ಮೂಸಿತು, ಎಳೆದ. ಬಲಕ್ಕೆ ಮೂಸಿತು, ಎಳೆದ. ಅವನ ಮುಖ ಅರಳಿತು. ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲೇ ಹಾದಾಗ ಕಾರು ಒಂದು ಮೊಳ ಸರಿದದ್ದನ್ನೂ, ಒಲೀಟಾಳ ಕೈ ಮುಂದಿನ ಹಲಗೆಯನ್ನು ಗಟ್ಟಿಯಾಗಿ ಹಿಡಿದದ್ದನ್ನೂ ಅವನು ನೋಡಿದ. ಎರಡನೆಯ ಸಲ ರೇಡಿಯಲ್. ಅದೇ ಗಾತ್ರದ ಲಾರಿ ಅಷ್ಟೇ ಹತ್ತಿರ ಹೋಯಿತು, ಕಾರು ಇದ್ದಲ್ಲೇ ಇತ್ತು. ವರ್ಲಿನ್‌ನ ಕೈಗೆ ಕೆಲಸವೇ ಇರಲಿಲ್ಲ. ಒಲೀಟಾಳ ಕೈ ಅವಳ ತೊಡೆಯ ಮೇಲಿತ್ತು.

ಹಿಂದಿರುಗಿದಾಗ ಇಲೋನಾ ಕಾಫಿ ಕೊಟ್ಟು ಒಲೀಟಾಳನ್ನು ಒಳಗೆ ಕರೆದುಕೊಂಡು ಹೋದಳು. ಇಬ್ಬರು ಮುದುಕರು ಟೈರಿನ ರಾಶಿಯ ಮೇಲೆ ಕುಳಿತರು. ವರ್ಲಿನ್ ಕೇಳಿದ.

“ಅವತ್ತು ನೀನು ಯಾಕೆ ಹೋದೆ?”

“ಹೆದರಿಕೆ ಆಯ್ತು,” ಎಂದ ಗೇಜಾ. “ಹೋಗದಿದ್ರೆ ಮನೆಯವರನ್ನ ಬೀದಿಗೆ ತಂದುಬಿಡ್ತೀನೇನೋ ಅಂತ. ನೀನು ಹೆದರಲಿಲ್ಲ. ಅದಕ್ಕೇ ಅವತ್ತು ನಿಂಗೆ ತಿರುಗಿ ಮಾತಾಡಲಿಲ್ಲ.”

ವರ್ಲಿನ್ ಕಾಫಿಯ ಲೋಟವನ್ನು ಕೈಯಲ್ಲಿ ತಿರುಗಿಸಿದ. ಇಪ್ಪತ್ತನಾಲ್ಕು ವರ್ಷ ಯಾರಿಗೂ, ಒಲೀಟಾಳಿಗೂ ಹೇಳದ ಮಾತನ್ನು ಹೇಳಿದ.

“ನಾನೂ ಹೆದರಿದ್ದೆ ಕಣೋ. ಕಲಿಯಕ್ಕೆ ಬರದೇ ಹೋದ್ರೆ ಅಂತ. ಓರೆ ನೂಲು ಬಿಟ್ರೆ ನಂಗೇನು ಗೊತ್ತಿತ್ತು? ನಲವತ್ತಮೂರು ವರ್ಷದೋನು, ಹುಡುಗರ ಮುಂದೆ ದಡ್ಡ ಅನ್ನಿಸ್ಕೊಳ್ಳೋದು ಹೇಗೆ? ಅದಕ್ಕೆ ನಿನ್ನ ಮೇಲೆ ಹಾರಾಡಿದೆ.”

ಗೇಜಾ ನಗಲಿಲ್ಲ. ಅವನ ಜೀವನದಲ್ಲಿ ಅದೊಂದು ಅಪರೂಪ.

“ನಿಂಗೆ ಬರ್ತಿತ್ತು,” ಎಂದ. “ನಂಗೇ ಬಂತಲ್ಲ.”

ವರ್ಲಿನ್ ಎದ್ದು ಹೋಗಿ ಕಳಚಿಟ್ಟಿದ್ದ ತನ್ನ ಹಳೆಯ ಟೈರುಗಳನ್ನು ಒಮ್ಮೆ ನೋಡಿದ. ಕಾರಿನ ಮೇಲಿರುವುದನ್ನು ಹಾಗೇ ಬಿಡು ಎಂದು ಹೇಳಿದ. ಕಾರಿನ ಮೇಲಿದ್ದದ್ದು ರೇಡಿಯಲ್. ಹಳೆಯವನ್ನು ಏನು ಮಾಡಲಿ ಎಂದು ಗೇಜಾ ಕೇಳಿದಾಗ, ಎಲ್ಲರ ಟೈರನ್ನು ಏನು ಮಾಡುತ್ತೀಯೋ ಅದನ್ನೇ ಮಾಡು ಎಂದು ಬೇರೆ ಕಡೆ ಮುಖ ತಿರುಗಿಸಿದ.

ಮೇ ತಿಂಗಳ ಆ ಶನಿವಾರ ಬೆಳಿಗ್ಗೆ ಹೊರಟರು. ಹಿಂದಿನ ಸೀಟಿನಲ್ಲಿ ಬಕೆಟ್ ತುಂಬ ಪಿಯೋನಿ ಹೂ, ಒದ್ದೆ ಪತ್ರಿಕೆ ಸುತ್ತಿದ್ದು. ಧಬ್ ಧಬ್ ಇರಲಿಲ್ಲ. ಹೆದ್ದಾರಿ ಸೇರಿದ ಮೇಲೆ ಕಾರು ಎಣ್ಣೆಯ ಮೇಲೆ ಜಾರಿದಂತೆ ಹೋಯಿತು. ಕೇಂಬ್ರಿಡ್ಜ್ ಎಂಬ ಊರು ದಾಟುವ ಹೊತ್ತಿಗೆ ಒಲೀಟಾ ಬಾಗಿಲಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ನಲವತ್ತು ವರ್ಷದಲ್ಲಿ ಈ ದಾರಿಯಲ್ಲಿ ಅವಳು ಕಣ್ಣು ಮುಚ್ಚಿದ್ದು ಅದೇ ಮೊದಲು. ವರ್ಲಿನ್‌ಗೆ ಸಮಾಧಾನವಾಯಿತು. ಅವಳ ಬೆನ್ನಿಗೆ ನೋವಿಲ್ಲವಲ್ಲ ಎಂದುಕೊಂಡ. ಇನ್ನೊಂದು ಇಪ್ಪತ್ತು ಮೈಲಿ ಹೋದ ಮೇಲೆ ಅವನಿಗೆ ಬೇಸರವಾಗತೊಡಗಿತು. ಯಾರೊಡನೆ ಮಾತಾಡುವುದು? ಕಾರಿನ ಸದ್ದೂ ಇಲ್ಲ, ಅವಳ ಸದ್ದೂ ಇಲ್ಲ. ಮಾರಿಯೆಟ್ಟಾದ ಹತ್ತಿರ ಹಿಂದಿನ ಗಾಲಿಯ ಮುಚ್ಚಳ ಠಣ್ಣೆಂದು ಕಳಚಿ ಹುಲ್ಲಿನೊಳಗೆ ಉರುಳಿತು. ಅದನ್ನು ಹುಡುಕಲು ನಿಲ್ಲಿಸಿದಾಗ ಅವನಿಗೆ ನಿಜವಾಗಿ ಖುಷಿಯಾಯಿತು, ಏಕೆಂದರೆ ಒಲೀಟಾ ಎಚ್ಚರವಾಗಿ ಬೈಯಲು ಶುರು ಮಾಡಿದ್ದಳು. ಮುಚ್ಚಳ ಸಿಕ್ಕಿತು. ಅಲ್ಲಿಂದ ಮುಂದೆ ಅವನು ಹಳೆಯ ರಸ್ತೆಗೆ ಇಳಿದು ನಿಧಾನವಾಗಿ ಓಡಿಸಿದ. ಅವಳು ಮನೆಗಳನ್ನು ಗುರುತಿಸುತ್ತ, ಸತ್ತವರ ಲೆಕ್ಕ ಹೇಳುತ್ತ ಬಂದಳು.

ಮಾರನೆಯ ದಿನ ಸಮಾಧಿಗುಡ್ಡದ ಬುಡದಲ್ಲಿ ವಿಲ್ಡಾ ಊರುಗೋಲು ಹಿಡಿದು ಕಾಯುತ್ತಿದ್ದಳು. ಮೇಲಿನ ಎರಡು ಮೈಲಿ ಚೂಪು ಕಲ್ಚೂರಿನ ದಾರಿ. ಇಂಥ ಕಲ್ಲಿಗೆ ಬಯಾಸಿನ ಗಟ್ಟಿ ಪಕ್ಕವೇ ಸರಿ ಎಂಬುದು ವರ್ಲಿನ್‌ಗೆ ಗೊತ್ತಿತ್ತು. ವಿಲ್ಡಾಳ ಮಗ ತನ್ನ ಪಿಕಪ್‌ನಲ್ಲಿ ಕರೆದೊಯ್ಯುತ್ತೇನೆ ಎಂದ. ವಿಲ್ಡಾ ಅವನ ಕಡೆ ನೋಡಲೂ ಇಲ್ಲ, ಪಾಂಟಿಯಾಕಿನ ಮುಂದಿನ ಸೀಟಿಗೆ ಹತ್ತಿ ಕುಳಿತಳು. ವರ್ಲಿನ್ ಕಲ್ಲು ಕಲ್ಲನ್ನೂ ನೋಡಿಕೊಂಡು, ನಡೆಯುವವರ ವೇಗದಲ್ಲಿ ಹತ್ತಿಸಿದ. ಜನ ಹೂವಿನ ಡಬ್ಬಿ ಹಿಡಿದು ಪಕ್ಕದಲ್ಲೇ ನಡೆದು ಬಂದರು. ಅರ್ಧ ದಾರಿಯಲ್ಲಿ ವಿಲ್ಡಾ ಕಿವಿಗೊಟ್ಟು ಆಲಿಸಿ, “ಇದಕ್ಕೇನಾಗಿದೆ ವರ್ಲಿನ್? ಮೊದಲೆಲ್ಲ ನೀನು ಕೆಳಗಿನ ಸೇತುವೆ ದಾಟೋವಾಗ್ಲೇ ನಮಗೆ ಕೇಳಿಸ್ತಿತ್ತು. ಕಾಳಿನ ಪಾತ್ರೆ ಒಲೆ ಮೇಲೆ ಇಡ್ತಿದ್ದೆ,” ಎಂದಳು.

“ಟೈರು ಬದಲಾಯ್ಸಿದೀನಿ ವಿಲ್ಡಾ.”

“ಹಾಗಾದ್ರೆ ಇನ್ಮೇಲೆ ಬರೋ ಮೊದಲು ಫೋನ್ ಮಾಡು,” ಎಂದಳು ವಿಲ್ಡಾ.

ಅವಳು ಇನ್ನೂ ಮೂರು ವರ್ಷ ಇದ್ದಳು. ಮೂರು ವರ್ಷವೂ ಅವರು ಹೋದರು. ವರ್ಲಿನ್ ಪ್ರತಿಸಲ ಮೊದಲು ಫೋನ್ ಮಾಡಿದ.

ಡಾರ್ಲಾಳ ಕಾರು ಆ ಬೇಸಿಗೆಯಿಂದ ಅಂಗಳದಲ್ಲೇ ನಿಂತಿತು. ಬುಧವಾರಗಳಂದು ವರ್ಲಿನ್ ಬಾರ್ಬರ್ಟನ್ನಿಗೆ ಹೋಗಿ ಗೇಜಾನ ಜೊತೆ ಕರಿದ ಕೋಳಿ, ಖಾರದ ಅನ್ನ, ಹುಳಿ ಎಲೆಕೋಸು ತಿಂದು ಬರುತ್ತಿದ್ದ. ಇಬ್ಬರೂ ಒಂದು ವಾರವೂ ತಪ್ಪದೆ ಬಯಾಸ್ ಮೇಲೋ ರೇಡಿಯಲ್ ಮೇಲೋ ಎಂದು ಜಗಳವಾಡುತ್ತಿದ್ದರು. ಆದರೆ ಈಗ ಬಯಾಸಿನ ಪರ ವಾದಿಸುವವನು ಗೇಜಾ.

ಎರಡು ಸಾವಿರದ ಒಂದರಲ್ಲಿ ಊರಿನ ಗ್ರಂಥಾಲಯದವರು ಹಳೆಯ ರಬ್ಬರ್ ಕೆಲಸಗಾರರ ಮಾತನ್ನು ಟೇಪಿನಲ್ಲಿ ಹಿಡಿದಿಡಲು ಕರೆದರು. ವರ್ಲಿನ್, ಗೇಜಾ ಹೋದರು, ಒಲೀಟಾಳೂ ಜೊತೆಗಿದ್ದಳು. ಟೈರು ಹೇಗೆ ಕಟ್ಟುತ್ತಿದ್ದಿರಿ ಎಂದು ಅಲ್ಲಿಯ ಹೆಂಗಸು ಕೇಳಿದಳು. ವರ್ಲಿನ್ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತ. ಎಡಗಾಲಿನಿಂದ ಇಲ್ಲದ ತುಳಿಗೆಯನ್ನು ಒತ್ತಿದ, ಇಲ್ಲದ ಬಟ್ಟೆಯನ್ನು ಎಳೆದು ಇಲ್ಲದ ಉರುಳೆಯ ಮೇಲೆ ಹಾಸಿದ. ಟೇಪಿನಲ್ಲಿ ಕೈ ಕಾಣುವುದಿಲ್ಲ ಎಂದು ಆಕೆ ಹೇಳಲು ಹೊರಟಳು. ಪಕ್ಕದಲ್ಲಿ ಕುಳಿತಿದ್ದ ಗೇಜಾ ಅವಳಿಗೆ ಸುಮ್ಮನಿರುವಂತೆ ಕೈ ಮಾಡಿ, ತಾನೇ ಹೇಳತೊಡಗಿದ.

“ಈಗ ಮೊದಲ ಪದರ. ಎಡಕ್ಕೆ ಓರೆ. ಈಗ ಜೋಡಣೆ ಮೇಲೆ ಹೆಬ್ಬೆರಳು ಆಡಿಸ್ತಿದಾನೆ, ಅದು ಇವನಿಗೆ ಮಾತ್ರ ಬರ್ತಿತ್ತು. ಈಗ ಎರಡನೇದು.”

ಆ ಟೇಪು ಈಗಲೂ ಗ್ರಂಥಾಲಯದಲ್ಲಿದೆ. ಐದೂವರೆ ನಿಮಿಷ ಗೇಜಾನ ದನಿ, ಅದರ ಹಿಂದೆ ನೆಲಕ್ಕೆ ತಾಗುವ ಬೂಟಿನ ಸದ್ದು, ಒಬ್ಬ ಮುದುಕನ ಏದುಸಿರು. ಕೊನೆಯಲ್ಲಿ ಒಲೀಟಾ, ಸಾಕು ಬಾ, ಕೂತ್ಕೊ, ಕಾಫಿ ಆರಿಹೋಗತ್ತೆ ಎನ್ನುವುದು ಕೇಳಿಸುತ್ತದೆ.